ಮನೆಗೆ ಮರಳುವ ಡಬ್ಬಿ

ಚಿತ್ರಾನ್ನ ಒಂದೇ, ಡಬ್ಬಿ ಎರಡು. ಒಂದು, ಬೆಳಗ್ಗೆ ಮನೆಯಲ್ಲಿ ತುಂಬಿಸಿ ಚೀಲದಲ್ಲಿಟ್ಟ ಸ್ಟೀಲ್ ಡಬ್ಬಿ. ಇನ್ನೊಂದು, ಹೋಟೆಲಿನವರು ಪಾರ್ಸೆಲ್ ಕಟ್ಟಿಕೊಟ್ಟ ಕಪ್ಪು ಪ್ಲಾಸ್ಟಿಕ್ ಡಬ್ಬಿ. ಎರಡರ ಕೆಲಸವೂ ಒಂದೇ. ಅನ್ನ ಚೆಲ್ಲಬಾರದು, ಧೂಳು ಬೀಳಬಾರದು, ಹಸಿದವರ ಕೈಗೆ ಅದು ಕ್ಷೇಮವಾಗಿ ತಲುಪಬೇಕು. ಈ ಕೆಲಸವನ್ನು ಎರಡೂ ಡಬ್ಬಿಗಳು ಚೆನ್ನಾಗಿಯೇ ಮಾಡುತ್ತವೆ. ವ್ಯತ್ಯಾಸ ಕಾಣುವುದು ಊಟ ಮುಗಿದ ಮೇಲೆ. ಸ್ಟೀಲ್ ಡಬ್ಬಿ ಸಂಜೆ ಮನೆಗೆ ಬರುತ್ತದೆ, ತೊಳೆಸಿಕೊಳ್ಳುತ್ತದೆ, ಮರುದಿನ ಬೆಳಗ್ಗೆ ಮತ್ತೆ ಹೊರಡುತ್ತದೆ. ಪ್ಲಾಸ್ಟಿಕ್ ಡಬ್ಬಿಯ ಪ್ರಯಾಣ ಒಂದೇ ದಿಕ್ಕಿನದು. ಅದು ಹೋಗುತ್ತದೆ, ಮರಳುವುದಿಲ್ಲ.

ಪರಿಸರಸ್ನೇಹಿ ಡಬ್ಬಿ ಯಾವುದು ಎಂದು ಕೇಳಿದರೆ ಹೆಚ್ಚಿನವರು ಅದನ್ನು ಯಾವ ವಸ್ತುವಿನಿಂದ ಮಾಡಿದ್ದಾರೆ ಎಂದು ನೋಡುತ್ತಾರೆ. ಉಕ್ಕೋ, ಗಾಜೋ, ಬಿದಿರೋ, ಪ್ಲಾಸ್ಟಿಕ್ಕೋ? ಪ್ರಶ್ನೆ ತಪ್ಪಲ್ಲ. ಆದರೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಆ ಡಬ್ಬಿ ಎಷ್ಟು ಸಲ ಮನೆಗೆ ಮರಳಿತು?

ಗಂಟಿನಿಂದ ಡಬ್ಬಿಗೆ

ದಾರಿಯಲ್ಲಿ ಉಣ್ಣಲು ಒಯ್ಯುವ ಊಟಕ್ಕೆ ಕನ್ನಡದಲ್ಲಿ ಬುತ್ತಿ ಎಂಬ ಚೆಂದದ ಹೆಸರಿದೆ. ಬುತ್ತಿಯನ್ನು ತುಂಬುವುದಿಲ್ಲ, ಕಟ್ಟುತ್ತಾರೆ. ಊಟವನ್ನು ಬಟ್ಟೆಯಲ್ಲೋ ಎಲೆಯಲ್ಲೋ ಸುತ್ತಿ ಗಂಟು ಹಾಕುತ್ತಿದ್ದ ಕಾಲದ ಮಾತು ಅದು. ಬಟ್ಟೆ ಹೋಗಿ ಡಬ್ಬಿ ಬಂದರೂ ಮಾತು ಉಳಿದುಕೊಂಡಿದೆ. ಹೋಟೆಲಿನವರು ಇಂದಿಗೂ ಪಾರ್ಸೆಲ್ 'ಕಟ್ಟಿ' ಕೊಡುತ್ತಾರೆ.

ಒಣ ರೊಟ್ಟಿಗೆ ಬಟ್ಟೆ ಸಾಕಾಗಿತ್ತು. ಕಲಸಿದ ಅನ್ನಕ್ಕೆ ಬಾಳೆಎಲೆ ಬೇಕಾಗಿತ್ತು. ಬಾಳೆಎಲೆಯನ್ನು ಬೆಂಕಿಯ ಮೇಲೆ ಸ್ವಲ್ಪ ಬಾಡಿಸಿದರೆ ಅದರ ಬಿರುಸು ಹೋಗಿ, ಹರಿಯದಂತೆ ಮಡಚಲು ಬರುತ್ತದೆ. ಎಲೆಯ ಮೇಲೆ ಸಹಜವಾಗಿಯೇ ಮೇಣದ ತೆಳುಪದರ ಇರುವುದರಿಂದ ಅನ್ನದ ತೇವ ಹೊರಗೆ ಜಿನುಗುವುದಿಲ್ಲ. ಮುತ್ತುಗದ ಎಲೆ ಕಡ್ಡಿಯಿಂದ ಹೆಣೆಸಿಕೊಂಡು ತಟ್ಟೆಯಾಗುತ್ತಿತ್ತು. ಇವೆಲ್ಲ ಒಂದೇ ಸಲ ಬಳಸಿ ಎಸೆಯುವಂಥವು, ನಿಜ. ಆದರೆ ಎಸೆದ ಎಲೆಯನ್ನು ದನ ತಿನ್ನುತ್ತಿತ್ತು, ಇಲ್ಲವೇ ಅದು ತಿಪ್ಪೆ ಸೇರಿ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿತ್ತು. ಎಲೆ ಮನೆಗೆ ಮರಳದಿದ್ದರೂ ಮಣ್ಣಿಗೆ ಮರಳುತ್ತಿತ್ತು.

ಮುಂದೆ ಬಂದದ್ದು ಹಿತ್ತಾಳೆಯ ಕ್ಯಾರಿಯರ್. ಒಂದರ ಮೇಲೊಂದು ಕೂರುವ ಬಟ್ಟಲುಗಳು, ಪಕ್ಕದಲ್ಲಿ ಕೊಕ್ಕೆ, ಮೇಲೆ ಹಿಡಿಕೆ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಹುಣಿಸೆ, ನಿಂಬೆ, ಮೊಸರುಗಳಲ್ಲಿರುವ ಆಮ್ಲಗಳು ತಾಮ್ರದೊಡನೆ ವರ್ತಿಸಿ ಕಿಲುಬು ಉಂಟುಮಾಡುತ್ತವೆ. ಅಂಥ ಊಟ ಉಂಡರೆ ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ. ಆದ್ದರಿಂದಲೇ ಒಳಗಡೆ ಕಲಾಯಿ ಹಾಕಿಸಬೇಕಾಗಿತ್ತು. ಕಲಾಯಿಯವರು ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಉಜ್ಜಿ, ತವರವನ್ನು ಕರಗಿಸಿ ಬಟ್ಟೆಯಿಂದ ತೆಳ್ಳಗೆ ಸವರುತ್ತಿದ್ದರು. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ ಬೀದಿಬದಿಯ ಚಿಕ್ಕ ಒಲೆಯೇ ಇದಕ್ಕೆ ಸಾಕು. ಆದರೆ ಕಲಾಯಿ ಸವೆಯುತ್ತದೆ, ಸವೆದಾಗಲೆಲ್ಲ ಮತ್ತೆ ಹಾಕಿಸಬೇಕು.

ಅಲ್ಯೂಮಿನಿಯಂ ಅಗ್ಗವಾದದ್ದು 1886ರ ನಂತರ. ಆ ವರ್ಷ ಅಮೆರಿಕದ ಚಾರ್ಲ್ಸ್ ಮಾರ್ಟಿನ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಹೆರೂ, ಒಬ್ಬರಿಗೊಬ್ಬರು ಅರಿಯದೆ, ವಿದ್ಯುತ್ತಿನ ನೆರವಿನಿಂದ ಅದನ್ನು ಬೇರ್ಪಡಿಸುವ ಒಂದೇ ವಿಧಾನವನ್ನು ಕಂಡುಹಿಡಿದರು. ಅಲ್ಯೂಮಿನಿಯಂ ಡಬ್ಬಿ ಹಗುರ. ಒಂದೇ ಗಾತ್ರದ ಉಕ್ಕಿನ ತುಂಡಿಗಿಂತ ಅದರ ತೂಕ ಸುಮಾರು ಮೂರರಲ್ಲಿ ಒಂದು ಪಾಲು. ಆದರೆ ಅದು ಮೆತ್ತನೆಯ ಲೋಹ. ಬಿದ್ದರೆ ತಗ್ಗು ಬೀಳುತ್ತದೆ, ಹುಳಿ ಮತ್ತು ಉಪ್ಪು ಸೇರಿದ ಪದಾರ್ಥವನ್ನು ಬಹಳ ಹೊತ್ತು ಇಟ್ಟರೆ ಮೈ ಕಪ್ಪಾಗಿ ಚಿಕ್ಕ ಚಿಕ್ಕ ಗುಳಿಗಳು ಬೀಳುತ್ತವೆ. ಹುಳಿಯನ್ನವನ್ನು ಇಷ್ಟಪಡುವ ನಾಡಿಗೆ ಅದು ಹೇಳಿಮಾಡಿಸಿದ ಲೋಹವಲ್ಲ.

ಗಾಯ ಮಾಯಿಸಿಕೊಳ್ಳುವ ಲೋಹ

1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬ ಲೋಹತಜ್ಞ ಬಂದೂಕಿನ ನಳಿಗೆ ಬೇಗ ಸವೆಯದಂತೆ ಮಾಡುವ ಉಕ್ಕಿಗಾಗಿ ಹುಡುಕುತ್ತಿದ್ದ. ಶೇಕಡಾ 12.8ರಷ್ಟು ಕ್ರೋಮಿಯಂ ಬೆರೆಸಿದ ಒಂದು ಉಕ್ಕು ಆಮ್ಲಕ್ಕೆ ಜಗ್ಗದಿರುವುದು ಅವನ ಗಮನಕ್ಕೆ ಬಂತು. ವಿನಿಗರ್, ನಿಂಬೆರಸಗಳಿಗೂ ಅದು ಮಣಿಯಲಿಲ್ಲ. ಶೆಫೀಲ್ಡ್ ಚಾಕು, ಚಮಚಗಳಿಗೆ ಹೆಸರಾದ ಊರು. ಬಂದೂಕಿಗೆಂದು ಹುಡುಕಿದ ಉಕ್ಕು ಊಟದ ಮೇಜಿಗೆ ಬಂತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿ ಕ್ರೋಮಿಯಂ ಜೊತೆಗೆ ನಿಕಲ್ ಕೂಡ ಬೆರೆಸಿದ ಉಕ್ಕು ತಯಾರಾಯಿತು. ಇಂದಿನ ಊಟದ ಡಬ್ಬಿಗಳು ಈ ಎರಡೂ ಮನೆತನಗಳಿಂದ ಬಂದವು.

ಸ್ಟೀಲ್ ಡಬ್ಬಿಗೆ ತುಕ್ಕು ಏಕೆ ಹಿಡಿಯುವುದಿಲ್ಲ? ಉತ್ತರ ಸ್ವಾರಸ್ಯವಾಗಿದೆ. ಅದರ ಮೇಲ್ಮೈಯೂ ಗಾಳಿಯ ಆಮ್ಲಜನಕದೊಡನೆ ವರ್ತಿಸುತ್ತದೆ! ಕಬ್ಬಿಣದ ತುಕ್ಕು ಪೊಳ್ಳು. ಪುಡಿಯಾಗಿ ಉದುರುತ್ತದೆ, ಒಳಗಿನ ಕಬ್ಬಿಣವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. ಆದರೆ ಕ್ರೋಮಿಯಂ ಆಕ್ಸೈಡ್ ಬಿಗಿಯಾದ ಪೊರೆ. ಅದು ಒಮ್ಮೆ ಹರಡಿಕೊಂಡರೆ ಒಳಗಿನ ಲೋಹಕ್ಕೆ ಆಮ್ಲಜನಕ ತಲುಪುವುದಿಲ್ಲ. ಈ ಪೊರೆಯ ದಪ್ಪ ಕೆಲವೇ ನ್ಯಾನೊಮೀಟರ್. ತಲೆಗೂದಲನ್ನು ಹತ್ತಾರು ಸಾವಿರ ಪದರಗಳಾಗಿ ಸೀಳಿದರೆ ಸಿಗುವ ಒಂದು ಪದರದಷ್ಟು! ಡಬ್ಬಿಗೆ ಗೀರು ಬಿದ್ದರೆ ಅಲ್ಲಿಯ ಕ್ರೋಮಿಯಂ ತಕ್ಷಣ ಗಾಳಿಯ ಆಮ್ಲಜನಕವನ್ನು ಹಿಡಿದುಕೊಂಡು ಹೊಸ ಪೊರೆ ಹೊದೆಯುತ್ತದೆ. ಮೈಮೇಲಿನ ತರಚುಗಾಯ ಮಾಯುವ ಹಾಗೆ ಈ ಗಾಯವೂ ತಾನಾಗಿ ಮಾಯುತ್ತದೆ. ಕಲಾಯಿಯವರು ಬರಬೇಕಾಗಿಲ್ಲ. ದಿನವೂ ತಿಕ್ಕಿಸಿಕೊಂಡು, ಚೀಲದಲ್ಲಿ ಕುಲುಕಿಸಿಕೊಂಡು, ಕೈಜಾರಿ ಬಿದ್ದು, ಮತ್ತೆ ಮನೆಗೆ ಮರಳಬೇಕಾದ ಪಾತ್ರೆಗೆ ಇದಕ್ಕಿಂತ ಒಳ್ಳೆಯ ಗುಣ ಇನ್ನೇನು ಬೇಕು?

ಈ ಪೊರೆಗೂ ಶತ್ರುಗಳಿವೆ. ಮುಖ್ಯವಾದದ್ದು ಉಪ್ಪು. ಉಪ್ಪಿನಲ್ಲಿರುವ ಕ್ಲೋರೈಡ್ ಬಹಳ ಕಾಲ ಒಂದೇ ಕಡೆ ಕುಳಿತರೆ ಪೊರೆಯನ್ನು ತೂತು ಮಾಡುತ್ತದೆ. ಮಧ್ಯಾಹ್ನದ ಊಟಕ್ಕೆ ಒಂದು ಹೋಳು ಉಪ್ಪಿನಕಾಯಿ ಹಾಕಿ ಕಳಿಸಿದರೆ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ಇಡಬೇಕಾದರೆ ಭರಣಿಯೇ ಸರಿ. ಇನ್ನೊಂದು ಶತ್ರು ಪಾತ್ರೆ ತಿಕ್ಕುವ ಕಬ್ಬಿಣದ ನಾರು. ಅದರ ಚೂರುಗಳು ಡಬ್ಬಿಯ ಮೈಗೆ ಅಂಟಿ, ತಾವು ತುಕ್ಕು ಹಿಡಿದು, ಡಬ್ಬಿಗೇ ತುಕ್ಕು ಬಂದಂತೆ ಕಾಣಿಸುತ್ತವೆ. ತೆಂಗಿನ ನಾರು ಅಥವಾ ಮೆತ್ತನೆಯ ಬಟ್ಟೆ ಸಾಕು.

ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ನೋಡಿ, ಅಂಟದಿದ್ದರೆ ಒಳ್ಳೆಯ ಸ್ಟೀಲ್ ಎನ್ನುವವರಿದ್ದಾರೆ. ಇದು ಅರ್ಧ ಸತ್ಯ. ಶೇಕಡಾ 18 ಕ್ರೋಮಿಯಂ, 8 ನಿಕಲ್ ಇರುವ, 304 ಎಂಬ ಸಂಖ್ಯೆಯ ಉಕ್ಕು ಅಯಸ್ಕಾಂತಕ್ಕೆ ಹೆಚ್ಚಾಗಿ ಅಂಟುವುದಿಲ್ಲ, ನಿಜ. ಆದರೆ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಬೆರೆಸಿದ ಅಗ್ಗದ 200ರ ಸರಣಿಯ ಉಕ್ಕೂ ಅಂಟುವುದಿಲ್ಲ. ಅಯಸ್ಕಾಂತ ಇವೆರಡರ ಭೇದವನ್ನು ಹೇಳಲಾರದು. ಡಬ್ಬಿಯ ತಳದಲ್ಲಿ ಒತ್ತಿರುವ ಸಂಖ್ಯೆಯನ್ನು ಓದುವುದು ಮೇಲು.

ತೆರೆಯಲು ಒಲ್ಲದ ಮುಚ್ಚಳ

ಬೆಳಗ್ಗೆ ಸುಲಭವಾಗಿ ಮುಚ್ಚಿದ ಡಬ್ಬಿ ಮಧ್ಯಾಹ್ನ ಎಷ್ಟು ಎಳೆದರೂ ತೆರೆಯುವುದಿಲ್ಲ. ಪಕ್ಕದವರು ಎಳೆದರೂ ಇಲ್ಲ, ಮೇಷ್ಟ್ರು ಎಳೆದರೂ ಇಲ್ಲ. ಶಾಲೆಯ ಮಕ್ಕಳಿಗೆ ಇದು ಹೊಸದಲ್ಲ. ಯಾರು ಹಿಡಿದಿದ್ದಾರೆ ಆ ಮುಚ್ಚಳವನ್ನು?

ಗಾಳಿ. ಹಬೆಯಾಡುವ ಅನ್ನವನ್ನು ತುಂಬಿ ಬಿಗಿಯಾಗಿ ಮುಚ್ಚಿದಾಗ ಡಬ್ಬಿಯ ಖಾಲಿ ಜಾಗದಲ್ಲಿ ಬಿಸಿಗಾಳಿ ಮತ್ತು ನೀರಾವಿ ತುಂಬಿರುತ್ತವೆ. ಡಬ್ಬಿ ತಣಿದಂತೆ ಆವಿ ನೀರಾಗುತ್ತದೆ, ಗಾಳಿ ಕುಗ್ಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ. ಹೊರಗಿನ ವಾತಾವರಣ ಮಾತ್ರ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ತೂಕದಷ್ಟು ಬಲದಿಂದ ಒತ್ತುತ್ತಲೇ ಇರುತ್ತದೆ. ಮುಚ್ಚಳದ ವ್ಯಾಸ 12 ಸೆಂಟಿಮೀಟರ್ ಎನ್ನೋಣ. ಅದರ ವಿಸ್ತೀರ್ಣ ಸುಮಾರು 113 ಚದರ ಸೆಂಟಿಮೀಟರ್. ಒಳಗಿನ ಒತ್ತಡ ಹತ್ತರಲ್ಲಿ ಒಂದು ಪಾಲು ಇಳಿದರೂ ಸಾಕು, ಮುಚ್ಚಳದ ಮೇಲೆ 11 ಕಿಲೋ ಭಾರ ಹೇರಿದಂತಾಗುತ್ತದೆ. ಎಳೆದಾಡುವ ಬದಲು ಡಬ್ಬಿಯನ್ನು ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ನಿಲ್ಲಿಸಿದರೆ ಒಳಗಿನ ಗಾಳಿ ಮತ್ತೆ ಹಿಗ್ಗಿ ಮುಚ್ಚಳ ಸಡಿಲವಾಗುತ್ತದೆ.

ಇದೇ ಮುಚ್ಚಳ ಇನ್ನೊಂದು ಗಂಭೀರ ವಿಷಯವನ್ನೂ ನೆನಪಿಸುತ್ತದೆ. ಹಬೆ ನೀರಾಗಿ ಅನ್ನದ ಮೇಲೆ ತೊಟ್ಟಿಕ್ಕಿದರೆ ಅನ್ನ ತೇವವಾಗುತ್ತದೆ. ತೇವ, ಉಗುರುಬೆಚ್ಚನೆಯ ಶಾಖ ಮತ್ತು ಕಾಲ, ಈ ಮೂರೂ ಸೇರಿದರೆ ಸೂಕ್ಷ್ಮಜೀವಿಗಳಿಗೆ ಹಬ್ಬ. ಸುಮಾರು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅವು ಚುರುಕಾಗಿ ಬೆಳೆಯುತ್ತವೆ. ಬೇಯಿಸಿದ ಆಹಾರವನ್ನು ಕೋಣೆಯ ಉಷ್ಣತೆಯಲ್ಲಿ 2 ಗಂಟೆಗಿಂತ ಹೆಚ್ಚು ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಬೆಳಗ್ಗೆ 7.30ಕ್ಕೆ ಕಟ್ಟಿದ ಬುತ್ತಿಯನ್ನು ಮಗು ತೆರೆಯುವುದು ಮಧ್ಯಾಹ್ನ 1 ಗಂಟೆಗೆ! ಡಬ್ಬಿ ಎಷ್ಟೇ ಒಳ್ಳೆಯದಾಗಿದ್ದರೂ ಈ ಐದೂವರೆ ಗಂಟೆಯನ್ನು ಅದೊಂದೇ ನಿಭಾಯಿಸಲಾರದು.

ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ಇವು ಕುದಿಯುವ ನೀರಿಗೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಉಳಿದರೆ ಮೊಳೆತು, ವಾಂತಿ ತರಿಸುವ ವಿಷವನ್ನು ತಯಾರಿಸುತ್ತವೆ. ಒಮ್ಮೆ ಆ ವಿಷ ಉಂಟಾದರೆ ಮತ್ತೆ ಬಿಸಿ ಮಾಡಿದರೂ ಅದು ನಾಶವಾಗುವುದಿಲ್ಲ. 'ಬಿಸಿ ಮಾಡಿದರಾಯಿತು' ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು.

ಹಿಂದಿನವರ ಬುತ್ತಿಯ ಪಟ್ಟಿಯನ್ನು ಈ ಬೆಳಕಿನಲ್ಲಿ ನೋಡಿ. ಪುಳಿಯೋಗರೆಯಲ್ಲಿ ಹುಣಿಸೆಯ ಹುಳಿ, ಎಣ್ಣೆ, ಉಪ್ಪು. ಚಿತ್ರಾನ್ನದಲ್ಲಿ ನಿಂಬೆ. ಉತ್ತರ ಕರ್ನಾಟಕದ ಮೊಸರು ಬುತ್ತಿಯಲ್ಲಿ ಮೊಸರಿನ ಆಮ್ಲ. ಹುಳಿ ಹೆಚ್ಚಿದಷ್ಟೂ ಸೂಕ್ಷ್ಮಜೀವಿಗಳಿಗೆ ಬೆಳೆಯುವುದು ಕಷ್ಟ. ಕಟಿಕಟಿ ಒಣಗಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಗಳಲ್ಲಿ ಅವುಗಳಿಗೆ ಬೇಕಾದ ನೀರೇ ಇಲ್ಲ. ಸೂಕ್ಷ್ಮಜೀವಿಗಳ ಹೆಸರೇ ಗೊತ್ತಿಲ್ಲದ ಕಾಲದಲ್ಲಿ ಅನುಭವ ಕಲಿಸಿದ ಪಾಠ ಇದು. ತೆಂಗಿನಕಾಯಿ ಚಟ್ನಿ ಬೇಗ ಹಳಸುತ್ತದೆ ಎಂಬುದನ್ನೂ ಅದೇ ಅನುಭವ ಕಲಿಸಿದೆ.

ಪಾಲಕರ ಮುಂದೆ ಎರಡು ದಾರಿಗಳಿವೆ. ಒಂದು, ಊಟವನ್ನು ಬಿಸಿಯಾಗಿಯೇ ಉಳಿಸುವುದು. ಇದಕ್ಕೆ ನಿರ್ವಾತ ಫ್ಲಾಸ್ಕಿನಂಥ ಡಬ್ಬಿ ಬೇಕು. 1892ರಲ್ಲಿ ಜೇಮ್ಸ್ ಡ್ಯೂವರ್ ಅತಿಶೀತ ದ್ರವಗಳನ್ನು ಕಾಪಾಡಲು ರೂಪಿಸಿದ ಪಾತ್ರೆಯ ತತ್ವವೇ ಇದರದ್ದು. ಎರಡು ಗೋಡೆಗಳ ನಡುವೆ ಗಾಳಿ ಇಲ್ಲ, ಆದ್ದರಿಂದ ಅಲ್ಲಿ ವಹನವೂ ಇಲ್ಲ, ಸಂವಹನವೂ ಇಲ್ಲ. ಹೊಳೆಯುವ ಮೈಯಿಂದಾಗಿ ವಿಕಿರಣವೂ ಕಡಿಮೆ. ಅಂಥ ಡಬ್ಬಿಗೆ ಮೊದಲು ಕುದಿಯುವ ನೀರು ಹಾಕಿ ಐದು ನಿಮಿಷ ಬಿಟ್ಟು, ಚೆಲ್ಲಿ, ಅನಂತರ ಹಬೆಯಾಡುವ ಊಟ ತುಂಬಬೇಕು. ಇನ್ನೊಂದು ದಾರಿ, ಸಾಧಾರಣ ಸ್ಟೀಲ್ ಡಬ್ಬಿಯದು. ಆಗ ಅನ್ನವನ್ನು ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಹಬೆ ಹೋದ ಮೇಲೆ ಒಣಗಿದ ಡಬ್ಬಿಗೆ ತುಂಬಬೇಕು. ಅಂದೇ ಬೆಳಗ್ಗೆ ಮಾಡಿದ, ಹುಳಿ ಇರುವ ಅಥವಾ ಒಣ ತಿಂಡಿಯನ್ನೇ ಆರಿಸಿಕೊಳ್ಳಬೇಕು. ಕೈ, ಚಮಚಗಳು ಶುದ್ಧವಾಗಿರಬೇಕು. ಇವೆರಡೂ ಅಲ್ಲದ, ಅರೆಬಿಸಿ ಊಟವನ್ನು ಬಿಗಿಯಾಗಿ ಮುಚ್ಚಿ ಕಳಿಸುವ ಮಧ್ಯದ ದಾರಿಯೇ ಅಪಾಯದ್ದು.

ಪ್ಲಾಸ್ಟಿಕ್ಕಿನ ನಂಬರು

ಎಲ್ಲ ಪ್ಲಾಸ್ಟಿಕ್ಕೂ ಒಂದೇ ಅಲ್ಲ. ಡಬ್ಬಿಯನ್ನು ತಿರುಗಿಸಿ ನೋಡಿದರೆ ಬಾಣಗಳ ತ್ರಿಕೋನದೊಳಗೆ ಒಂದು ಅಂಕಿ ಕಾಣುತ್ತದೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮ ಜಾರಿಗೆ ತಂದ ಗುರುತು ಇದು. 1 ಎಂದರೆ ನೀರಿನ ಬಾಟಲಿಯ ಪೆಟ್. 5 ಎಂದರೆ ಪಾಲಿಪ್ರೊಪಿಲೀನ್. ಬಿಸಿಯನ್ನು ತಕ್ಕಮಟ್ಟಿಗೆ ತಾಳುವ ಈ ಪ್ಲಾಸ್ಟಿಕ್ಕಿನಿಂದಲೇ ಊಟದ ಡಬ್ಬಿಗಳನ್ನು ಹೆಚ್ಚಾಗಿ ಮಾಡುತ್ತಾರೆ. ಆದರೆ ಈ ಅಂಕಿ ಯಾವ ಜಾತಿಯ ಪ್ಲಾಸ್ಟಿಕ್ ಎಂದು ಹೇಳುತ್ತದೆಯೇ ಹೊರತು, ಡಬ್ಬಿ ಒಳ್ಳೆಯದೆಂಬ ಪ್ರಮಾಣಪತ್ರವಲ್ಲ.

ಸಾಂಬಾರಿಟ್ಟ ಪ್ಲಾಸ್ಟಿಕ್ ಡಬ್ಬಿ ಹಳದಿಯಾಗುವುದನ್ನು ಎಲ್ಲರೂ ನೋಡಿದ್ದಾರೆ. ಅರಿಸಿನದ ಬಣ್ಣ ಎಣ್ಣೆಯಲ್ಲಿ ಕರಗಿ, ಎಣ್ಣೆಯೊಡನೆ ಪ್ಲಾಸ್ಟಿಕ್ಕಿನ ಒಳಕ್ಕೇ ಇಳಿಯುತ್ತದೆ. ಊಟದಿಂದ ಪ್ಲಾಸ್ಟಿಕ್ಕಿಗೆ ವಸ್ತು ಹೋಗಬಹುದಾದರೆ ಪ್ಲಾಸ್ಟಿಕ್ಕಿನಿಂದ ಊಟಕ್ಕೂ ಬರಬಹುದು. ಬಿಸಿ, ಎಣ್ಣೆ, ಹುಳಿ, ಹೆಚ್ಚು ಹೊತ್ತು, ಇವು ಅದಕ್ಕೆ ನೆರವಾಗುತ್ತವೆ. ಆದ್ದರಿಂದ ಪ್ಲಾಸ್ಟಿಕ್ ಡಬ್ಬಿ ಇದ್ದರೆ ಅದನ್ನು ಹಣ್ಣು, ಅವಲಕ್ಕಿ, ಬಿಸ್ಕತ್ತುಗಳಂಥ ಒಣ, ತಣ್ಣನೆಯ ತಿಂಡಿಗೆ ಇಟ್ಟುಕೊಳ್ಳಬಹುದು. ಮೈ ಒರಟಾಗಿ ಗೀರುಬಿದ್ದ ಡಬ್ಬಿಯನ್ನು ಊಟಕ್ಕೆ ಬಳಸದಿರುವುದು ಲೇಸು. ಕುದಿಯುವ ಸಾಂಬಾರನ್ನು ತೆಳು ಚೀಲಕ್ಕೆ ಸುರಿದು ದಾರ ಕಟ್ಟುವುದಂತೂ ಬೇಡವೇ ಬೇಡ. ಹಳೆಯ ಪತ್ರಿಕೆಯಲ್ಲಿ ಬಜ್ಜಿ, ಬೋಂಡ ಸುತ್ತುವುದನ್ನೂ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳು ನಿಷೇಧಿಸಿವೆ. ಮುದ್ರಣದ ಮಸಿ ಎಣ್ಣೆಗೆ ಹತ್ತಿಕೊಂಡು ಹೊಟ್ಟೆ ಸೇರುತ್ತದೆ.

ಲೆಕ್ಕ ಹಾಕಿ ನೋಡೋಣ

ಸ್ಟೀಲ್ ಡಬ್ಬಿ ಆಕಾಶದಿಂದ ಇಳಿದದ್ದಲ್ಲ. ಅದಿರು ಅಗೆಯಬೇಕು, ಕುಲುಮೆ ಉರಿಸಬೇಕು, ಕ್ರೋಮಿಯಂ, ನಿಕಲ್ ತರಬೇಕು. ಒಂದು ಸ್ಟೀಲ್ ಡಬ್ಬಿ ತಯಾರಿಸಲು ಒಂದು ತೆಳು ಪ್ಲಾಸ್ಟಿಕ್ ಡಬ್ಬಿಗಿಂತ ಎಷ್ಟೋ ಪಟ್ಟು ಹೆಚ್ಚು ಶಕ್ತಿ ಬೇಕು. ಹುಟ್ಟುವಾಗಲೇ ಅದು ಭೂಮಿಯ ಮೇಲೆ ಸಾಲ ಮಾಡಿಕೊಂಡು ಬರುತ್ತದೆ. ಮನೆಗೆ ಮರಳಿದ ಪ್ರತಿಯೊಂದು ಸಲವೂ ಆ ಸಾಲದ ಒಂದು ಕಂತು ತೀರುತ್ತದೆ.

ಬ್ರಿಟನ್ನಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪಾರ್ಸೆಲ್ ಡಬ್ಬಿಗಳ ಹುಟ್ಟಿನಿಂದ ಸಾವಿನವರೆಗಿನ ಲೆಕ್ಕವನ್ನು ಪ್ರಕಟಿಸಿದರು. ಪಾರ್ಸೆಲ್ಲಿನ ಪಾಲಿಪ್ರೊಪಿಲೀನ್ ಡಬ್ಬಿಯನ್ನೇ ಮತ್ತೆ ಮತ್ತೆ ಬಳಸಿದರೆ, ಬಹಳ ಹಗುರವಾದ ಥರ್ಮೊಕೋಲಿನಂಥ ನೊರೆ ಪ್ಲಾಸ್ಟಿಕ್ ಡಬ್ಬಿಗಿಂತ ಅದು ಮೇಲೆನಿಸಿಕೊಳ್ಳಲು 3ರಿಂದ 39 ಸಲ ಬಳಕೆಯಾದರೆ ಸಾಕು. ಆದರೆ ಮನೆಯಲ್ಲಿಟ್ಟುಕೊಳ್ಳುವ ಗಟ್ಟಿ ಪಾಲಿಪ್ರೊಪಿಲೀನ್ ಡಬ್ಬಿಯು ಅದೇ ನೊರೆ ಪ್ಲಾಸ್ಟಿಕ್ ಡಬ್ಬಿಯ ಎದುರು ಗೆಲ್ಲಲು 16ರಿಂದ 208 ಸಲ ಬಳಕೆಯಾಗಬೇಕು. ಯಾವ ಬಗೆಯ ಹಾನಿಯನ್ನು ಅಳೆಯುತ್ತೇವೆ ಎಂಬುದರ ಮೇಲೆ ಈ ಸಂಖ್ಯೆ ಬದಲಾಗುತ್ತದೆ. ಎರಡು ಸಲ ಬಳಸಿ ಅಟ್ಟಕ್ಕೆ ಎಸೆದ 'ಪರಿಸರಸ್ನೇಹಿ' ಡಬ್ಬಿ ತನ್ನ ಹೆಸರಿಗೆ ತಕ್ಕದ್ದಲ್ಲ ಎಂಬುದು ಇದರಿಂದ ಸ್ಪಷ್ಟ.

ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ 6ರಿಂದ 8ನೆಯ ತರಗತಿಗೆ ವರ್ಷಕ್ಕೆ 220 ದಿನ ಶಾಲೆ ನಡೆಯಬೇಕು. ಒಂದು ಸ್ಟೀಲ್ ಡಬ್ಬಿ ಇಂಥ 5 ವರ್ಷ ಬಾಳಿದರೆ 1,100 ಊಟಗಳಾದವು. ಡಬ್ಬಿಯ ತೂಕ 250 ಗ್ರಾಂ ಎಂದಿಟ್ಟುಕೊಂಡರೆ ಒಂದು ಊಟದ ಪಾಲಿಗೆ ಬರುವ ಉಕ್ಕು ಕಾಲು ಗ್ರಾಮಿಗಿಂತಲೂ ಕಡಿಮೆ! ಅದೇ, 25 ಗ್ರಾಂ ತೂಗುವ ಪ್ಲಾಸ್ಟಿಕ್ ಡಬ್ಬಿಯನ್ನು ದಿನಕ್ಕೊಂದರಂತೆ ಎಸೆದರೆ ಒಂದೇ ವರ್ಷಕ್ಕೆ ಐದೂವರೆ ಕಿಲೋ. ನಲವತ್ತು ಮಕ್ಕಳ ತರಗತಿಯಾದರೆ 220 ಕಿಲೋ. ಐದು ವರ್ಷದ ಮೇಲೆ ಸ್ಟೀಲ್ ಡಬ್ಬಿ ಹಾಳಾದರೂ ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ, ಅದು ಕರಗಿ ಮತ್ತೆ ಉಕ್ಕಾಗುತ್ತದೆ. ಸಾಂಬಾರು ಮೆತ್ತಿದ ಪ್ಲಾಸ್ಟಿಕ್ ಡಬ್ಬಿಯನ್ನು ಕೊಳ್ಳಲು ಯಾರೂ ಮುಂದೆ ಬರುವುದಿಲ್ಲ.

ಈ ಲೆಕ್ಕದಲ್ಲಿ ಒಂದು ಷರತ್ತಿದೆ. ಜೂನ್ ಬಂತೆಂದರೆ ಹೊಸ ಚೀಲ, ಹೊಸ ಡಬ್ಬಿ ಎಂಬ ಪದ್ಧತಿ ಹಲವು ಮನೆಗಳಲ್ಲಿದೆ. ಹಳೆಯ ಡಬ್ಬಿ ಗಟ್ಟಿಯಾಗಿಯೇ ಇರುತ್ತದೆ, ಚಿತ್ರ ಮಾತ್ರ ಹಳೆಯದಾಗಿರುತ್ತದೆ. ವರ್ಷಕ್ಕೊಂದು ಹೊಸ ಡಬ್ಬಿ ಕೊಳ್ಳುವ ಮನೆ ಹಳೆಯ ಸಾಲ ತೀರುವ ಮೊದಲೇ ಹೊಸ ಸಾಲ ಮಾಡಿದಂತೆ. ಮನೆಯಲ್ಲಿ ಈಗಾಗಲೇ ಇರುವ ಡಬ್ಬಿಯೇ ಅತ್ಯಂತ ಪರಿಸರಸ್ನೇಹಿ ಡಬ್ಬಿ. ಮುಚ್ಚಳದ ರಬ್ಬರು ಸಡಿಲವಾಗಿದ್ದರೆ ಅದೊಂದನ್ನೇ ಬದಲಿಸಬಹುದು.

ವಿಳಾಸ ಇರುವ ಡಬ್ಬಿ

ಡಬ್ಬಿ ಮರಳಬೇಕಾದರೆ ಅದಕ್ಕೆ ಮನೆಯ ದಾರಿ ಗೊತ್ತಿರಬೇಕು. ಇದನ್ನು ಮುಂಬಯಿಯ ಡಬ್ಬಾವಾಲರಿಗಿಂತ ಚೆನ್ನಾಗಿ ತಿಳಿದವರಿಲ್ಲ. 1890ರ ಸುಮಾರಿಗೆ ಮಹಾದೇವ ಹವಾಜಿ ಬಚ್ಚೆ ಆರಂಭಿಸಿದ ಈ ಕಾಯಕದಲ್ಲಿ ಮನೆಯೂಟದ ಡಬ್ಬಿ ಬೈಸಿಕಲ್, ಲೋಕಲ್ ರೈಲು, ತಲೆಹೊರೆಗಳ ಮೂಲಕ ಹಲವು ಕೈ ಬದಲಾಯಿಸಿ ಕಚೇರಿ ಸೇರುತ್ತದೆ. ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಕೆಲವು ಅಕ್ಷರ, ಅಂಕಿಗಳೇ ಅದರ ವಿಳಾಸ. ಯಾವ ನಿಲ್ದಾಣದಿಂದ ಬಂತು, ಎಲ್ಲಿ ಇಳಿಯಬೇಕು, ಯಾವ ಕಟ್ಟಡ, ಎಷ್ಟನೆಯ ಮಹಡಿ, ಎಲ್ಲವೂ ಅದರಲ್ಲಿದೆ. ಊಟ ಸರಿಯಾಗಿ ತಲುಪುವುದನ್ನು ಜಗತ್ತು ಹೊಗಳಿದೆ. ಆದರೆ ಅದರಷ್ಟೇ ದೊಡ್ಡ ಸಾಧನೆ ಇನ್ನೊಂದಿದೆ. ಖಾಲಿ ಡಬ್ಬಿ ಅದೇ ಮಧ್ಯಾಹ್ನ ಅದೇ ಮನೆಗೆ ಮರಳುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಲೋಕಲ್ ರೈಲುಗಳು ನಿಂತಾಗ ಈ ಕಾಯಕವೂ ನಿಂತಿತು. ಅನಂತರ ಮತ್ತೆ ಶುರುವಾದರೂ ಡಬ್ಬಿಗಳ ಸಂಖ್ಯೆ ಮೊದಲಿನಷ್ಟಿಲ್ಲ.

ಕನ್ನಡನಾಡಿನ ಮನೆಗಳಲ್ಲೂ ಇಂಥ ವಿಳಾಸದ ಪದ್ಧತಿ ಇದೆ. ಪಾತ್ರೆ ಅಂಗಡಿಯಲ್ಲಿ ಕೊಂಡ ಡಬ್ಬಿಗೆ ಅಲ್ಲೇ ಯಂತ್ರದಿಂದ ಹೆಸರು ಹಾಕಿಸುವುದು. ಮದುವೆ ಮನೆಗೆ, ನೆರೆಮನೆಗೆ ಹೋದ ಪಾತ್ರೆ ತಿರುಗಿ ಬರುವುದು ಆ ಹೆಸರಿನ ಬಲದಿಂದ. ಗೋಲಿ ಸೋಡಾದ ಬಾಟಲಿ ಅಂಗಡಿಗೆ ಮರಳುತ್ತಿದ್ದುದು ಅದಕ್ಕೊಂದು ಬೆಲೆ ಇದ್ದುದರಿಂದ. ಹೆಸರು ಅಥವಾ ಬೆಲೆ, ಎರಡರಲ್ಲಿ ಒಂದಿದ್ದರೆ ವಸ್ತು ಮರಳುತ್ತದೆ. ಪಾರ್ಸೆಲ್ ಡಬ್ಬಿಗೆ ಎರಡೂ ಇಲ್ಲ.

ಮರಳದ ಡಬ್ಬಿ ಎಲ್ಲೋ ಒಂದು ಕಡೆ ಇರಲೇಬೇಕಲ್ಲ? ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತದ್ದು ಮಾವಳ್ಳಿಪುರ, ಮಂಡೂರುಗಳಂಥ ಹಳ್ಳಿಗಳು. ಬಾವಿಯ ನೀರು ಕೆಟ್ಟಿತು, ನೊಣ, ದುರ್ವಾಸನೆ ತಡೆಯಲಾಗದು ಎಂದು ಹಳ್ಳಿಗರು ಹೋರಾಡಿದರು. 2012ರಲ್ಲಿ ಮಾವಳ್ಳಿಪುರಕ್ಕೆ, 2014ರ ಕೊನೆಗೆ ಮಂಡೂರಿಗೆ ಕಸದ ಲಾರಿಗಳು ನಿಂತವು. ಆ ಹಳ್ಳಿಗಳಲ್ಲೂ ಡಬ್ಬಿ ಹಿಡಿದು ಶಾಲೆಗೆ ಹೋಗುವ ಮಕ್ಕಳಿದ್ದರು. ನಗರದವರು ಉಂಡು ಎಸೆದ ಡಬ್ಬಿಗಳ ನಡುವೆ ಅವರು ತಮ್ಮ ಡಬ್ಬಿ ತೆರೆಯಬೇಕಾಗಿತ್ತು.

ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಂದೇ ಸಲ ಬಳಸುವ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ ಇಡೀ ದೇಶದಲ್ಲಿ ನಿಷೇಧ ಜಾರಿಯಾಯಿತು. ತಟ್ಟೆ, ಲೋಟ, ಚಮಚ, ಸ್ಟ್ರಾಗಳು ಆ ಪಟ್ಟಿಯಲ್ಲಿವೆ. ಮುಚ್ಚಳವಿರುವ ಪಾರ್ಸೆಲ್ ಡಬ್ಬಿಯ ಹೆಸರು ಮಾತ್ರ ಅದರಲ್ಲಿ ಇಲ್ಲ. ಕಾನೂನು ಬಿಟ್ಟ ಜಾಗವನ್ನು ಮನೆಯ ಅಭ್ಯಾಸವೇ ತುಂಬಬೇಕಾಗಿದೆ. ಹೋಟೆಲಿಗೆ ಸಾಂಬಾರು ತರಲು ಹೊರಟಾಗ ಕೈಯಲ್ಲಿ ಒಂದು ಕ್ಯಾರಿಯರ್ ಇರಲಿ. ಪ್ರವಾಸದ ಚೀಲದಲ್ಲಿ ಒಂದು ಡಬ್ಬಿ, ಒಂದು ಚಮಚ ಖಾಯಂ ಇರಲಿ. ಮಕ್ಕಳು ಊಟವಾದ ತಕ್ಷಣ ಡಬ್ಬಿಗೆ ಸ್ವಲ್ಪ ನೀರು ಹಾಕಿ ಅಲುಗಿಸಿ ಚೆಲ್ಲಲಿ. ಸಂಜೆ ತೊಳೆಯುವವರಿಗೆ ನೀರೂ ಉಳಿಯುತ್ತದೆ, ಶ್ರಮವೂ ಉಳಿಯುತ್ತದೆ. ತಮ್ಮ ಡಬ್ಬಿಯನ್ನು ತಾವೇ ತೊಳೆದರೆ ಇನ್ನೂ ಒಳ್ಳೆಯದು.

ಮಾಡಿ ನೋಡಿ

1. ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬಿ ತೆಗೆದುಕೊಳ್ಳಿ. ದೊಡ್ಡವರ ನೆರವಿನಿಂದ ಎರಡಕ್ಕೂ ಸಮನಾಗಿ ಬಿಸಿನೀರು ಹಾಕಿ ಮುಚ್ಚಿ. ಒಂದನ್ನು ದಪ್ಪ ಟವೆಲ್ಲಿನಲ್ಲಿ ಸುತ್ತಿಡಿ. ಪ್ರತಿ 15 ನಿಮಿಷಕ್ಕೊಮ್ಮೆ ಶಾಲೆಯ ಪ್ರಯೋಗಾಲಯದ ಉಷ್ಣಮಾಪಕದಿಂದ ನೀರಿನ ಉಷ್ಣತೆ ಅಳೆದು ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಯಾವ ಡಬ್ಬಿ 60 ಡಿಗ್ರಿಗಿಂತ ಕೆಳಗೆ ಮೊದಲು ಇಳಿಯಿತು? ಎಷ್ಟು ನಿಮಿಷ ಮೊದಲು?

2. ಅರಿಸಿನದ ಕಲೆಯಾದ ಪ್ಲಾಸ್ಟಿಕ್ ಮುಚ್ಚಳದ ಅರ್ಧ ಭಾಗಕ್ಕೆ ದಪ್ಪ ಕಾಗದ ಮುಚ್ಚಿ, ಎರಡು ದಿನ ಬಿಸಿಲಿನಲ್ಲಿಡಿ. ಬಣ್ಣ ಎಲ್ಲಿ ಮಾಸಿತು, ಎಲ್ಲಿ ಉಳಿಯಿತು? ಕಾರಣ ಬಿಸಿಲಿನ ಶಾಖವೋ, ಬೆಳಕೋ? ಇದನ್ನು ಕಂಡುಹಿಡಿಯಲು ಇನ್ನೊಂದು ಪ್ರಯೋಗವನ್ನು ನೀವೇ ಯೋಚಿಸಿ.

3. ಒಂದು ವಾರ ಮನೆಗೆ ಬಂದ, ಮರಳಿ ಬಳಸಲಾಗದ ಊಟದ ಡಬ್ಬಿ, ಚೀಲ, ಲೋಟಗಳನ್ನು ಎಣಿಸಿ ಬರೆದಿಡಿ. 52ರಿಂದ ಗುಣಿಸಿ. ಆ ಸಂಖ್ಯೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ. ಮುಂದಿನ ತಿಂಗಳು ಮತ್ತೆ ಒಂದು ವಾರ ಎಣಿಸಿ, ಹೊಸ ಸಂಖ್ಯೆಯನ್ನು ಅದರ ಪಕ್ಕದಲ್ಲೇ ಬರೆಯಿರಿ.